ಆರೈಕೆ ತಂಡಕ್ಕೆ ಹೊಸದಾಗಿ ಇನ್‌ಚಾರ್ಜ್ ಆದಿರಾ? ಹ್ಯಾಂಡೋವರ್‌ನಿಂದ ಶುರು ಮಾಡಿ

"ರಾತ್ರಿ ಹೇಗಿತ್ತು?" ಅಂತ ಕೇಳಿದರೆ "ಎಲ್ಲಾ ಸರಿ ಇತ್ತು ಮೇಡಂ" ಅನ್ನುವ ಉತ್ತರ ಬರುತ್ತದಲ್ಲ, ಆ ಉತ್ತರವನ್ನು ಮೂರು ತಿಂಗಳು ನಂಬಿದವಳು ನಾನು. ಮಾನಸಿಕ ಆರೋಗ್ಯದ ವಾರ್ಡೊಂದಕ್ಕೆ ಹೊಸದಾಗಿ ಇನ್‌ಚಾರ್ಜ್ ಆಗಿದ್ದೆ. ಮೊದಲ ವಾರದಲ್ಲೇ ಒಬ್ಬ ನರ್ಸ್ ಒಬ್ಬರಿಗೆ ಕೊಡಬೇಕಾದ ಮಾತ್ರೆಯನ್ನು ಪಕ್ಕದವರಿಗೆ ಕೊಟ್ಟುಬಿಟ್ಟಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೂ ಬೆಳಗಿನ ಹ್ಯಾಂಡೋವರ್‌ನಲ್ಲಿ, ಅಂದರೆ ಶಿಫ್ಟ್ ಬದಲಾಗುವಾಗ ಹೋಗುವವರು ಬರುವವರಿಗೆ ವಿವರ ಒಪ್ಪಿಸುವ ಹೊತ್ತಿನಲ್ಲಿ, ಎಲ್ಲರ ಎದುರು, ಅವಳನ್ನು ತರಾಟೆಗೆ ತೆಗೆದುಕೊಂಡೆ. ಅದಾದ ಮೇಲೆ ಮೂರು ತಿಂಗಳು ರಿಜಿಸ್ಟರ್‌ನಲ್ಲಿ ಒಂದೇ ಒಂದು ತಪ್ಪೂ ದಾಖಲಾಗಲಿಲ್ಲ. ವಾರ್ಡ್ ಸುಧಾರಿಸಿತು ಅಂದುಕೊಂಡು ಒಳಗೊಳಗೇ ಬೀಗಿದೆ. ಒಂದು ದಿನ ಔಷಧಿಯ ಲೆಕ್ಕ ತೆಗೆದು ನೋಡಿದರೆ, ತಪ್ಪುಗಳು ಆಗುತ್ತಲೇ ಇದ್ದವು. ನನಗೆ ಹೇಳುವುದನ್ನು ಮಾತ್ರ ಎಲ್ಲರೂ ನಿಲ್ಲಿಸಿದ್ದರು.

ಈ ಲೇಖನ ನನ್ನ ಹಾಗೆ ದಿಢೀರನೆ ಒಂದು ತಂಡದ ಹೊಣೆ ತಲೆಗೆ ಬಿದ್ದವರಿಗೆ. ಮಾನಸಿಕ ಆರೋಗ್ಯದ ವಾರ್ಡ್, ವೃದ್ಧರ ಆರೈಕೆ ಮನೆ, ವಿಶೇಷ ಅಗತ್ಯ ಇರುವವರ ವಸತಿ, ಮಕ್ಕಳ ರಕ್ಷಣೆಯ ಸೋಷಿಯಲ್ ವರ್ಕ್ ತಂಡ, ಎಲ್ಲೇ ಇರಲಿ, ಹೆಚ್ಚು ಕಡಿಮೆ ಇದೇ ಕಥೆ. 'ಕೆಲಸದ ವಾತಾವರಣ' ಅಂದ ಕೂಡಲೇ ಗೋಡೆಗೆ ಪೋಸ್ಟರ್ ಅಂಟಿಸುವವರಿದ್ದಾರೆ. ಸಿಬ್ಬಂದಿ ಯಾರೂ ಅದನ್ನು ಓದುವುದಿಲ್ಲ, ಅವರು ಓದುವುದು ನಿಮ್ಮ ಮುಖವನ್ನು. ಕೆಟ್ಟ ಸುದ್ದಿ ತಂದವರ ಮುಂದೆ ನಿಮ್ಮ ಮುಖ ಹೇಗಾಯಿತು ಅನ್ನುವುದನ್ನು ಒಬ್ಬ ನೋಡಿದರೆ ಸಾಕು, ಸಂಜೆಯೊಳಗೆ ಮೂರೂ ಶಿಫ್ಟಿಗೆ ಗೊತ್ತಾಗಿರುತ್ತದೆ.

1. ಮೊದಲ ಎರಡು ವಾರ ಏನನ್ನೂ ಬದಲಾಯಿಸಬೇಡಿ

ಕಷ್ಟ, ಗೊತ್ತು. ಬಂದ ದಿನವೇ ಏನಾದರೂ ಮಾಡಿ ತೋರಿಸಬೇಕು ಅನ್ನಿಸುತ್ತದೆ. ಸುಮ್ನೆ ಕೂತು ನೋಡಿ. ಬೆಳಗಿನ ಹ್ಯಾಂಡೋವರ್, ಸಂಜೆಯ ಹ್ಯಾಂಡೋವರ್, ಕನಿಷ್ಠ ಎರಡು ರಾತ್ರಿ ಡ್ಯೂಟಿ. ರಾತ್ರಿ ಡ್ಯೂಟಿ ಮಾಡದೆ ಯಾವ ವಾರ್ಡೂ ನಿಮಗೆ ಅರ್ಥ ಆಗುವುದಿಲ್ಲ, ಯಾಕಂದರೆ ದೊಡ್ಡವರೆಲ್ಲ ಮನೆಗೆ ಹೋದ ಮೇಲೆ ಅಲ್ಲಿ ಬೇರೆಯದೇ ನಿಯಮ ನಡೆಯುತ್ತಿರುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಮಾತಾಡುತ್ತಾರೆ, ಯಾರು ಬಾಯೇ ಬಿಡುವುದಿಲ್ಲ, ಬರೆಯಿರಿ. ಹಿರಿಯರು ಮಾತಾಡಿದ ಮೇಲೆ ಕಿರಿಯರು ತಮ್ಮ ಮಾತನ್ನು ಬದಲಾಯಿಸುತ್ತಾರಾ, ಗಮನಿಸಿ. ಮುಖ್ಯವಾಗಿ, ಆರೈಕೆಯಲ್ಲಿರುವವರ ಬಗ್ಗೆ ಬಳಸುವ ಪದಗಳನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ನನ್ನ ಪುಸ್ತಕದಲ್ಲಿ ಮೊದಲ ವಾರ ಸಿಕ್ಕಿದ್ದು ಇವು: "ಅದು ಅವಳ ನಾಟಕ." "ಗಮನ ಸೆಳೆಯೋಕೆ ಮಾಡ್ತಾನೆ." "ಬೆಡ್ ಆರು ಮತ್ತೆ ಶುರು ಮಾಡಿತು." ಮಾಡಿದ್ದು ಯಾರು ಅಂತ ಕೇಳಿದರೆ ಹೆಸರು ಬರಲಿಲ್ಲ, ಮತ್ತೆ "ಬೆಡ್ ಆರು" ಅಂತಲೇ ಬಂತು.

ಇದನ್ನು ಕೇಳಿ ನನಗೆ ಸಿಟ್ಟು ಬಂದಿತ್ತು. ಇಷ್ಟು ಕಲ್ಲು ಮನಸ್ಸಾ ಇವರದು ಅಂತ. ಆಮೇಲೆ ಇಸಬೆಲ್ ಮೆಂಜೀಸ್ ಅನ್ನುವ ಮನೋವಿಶ್ಲೇಷಕಿ ಲಂಡನ್‌ನ ಒಂದು ಆಸ್ಪತ್ರೆಯ ನರ್ಸ್‌ಗಳ ಬಗ್ಗೆ 1960ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ತಿಳಿಯಿತು. ಅಲ್ಲಿಯೂ ಹೀಗೇ, ರೋಗಿಯನ್ನು ಹೆಸರಿನಿಂದ ಕರೆಯದೆ ಹತ್ತನೇ ಹಾಸಿಗೆಯ ಲಿವರ್ ಅಂತ ಕರೆಯುತ್ತಿದ್ದರಂತೆ. ಕೆಲಸವನ್ನು ಚೂರು ಚೂರು ಮಾಡಿ ಹಂಚುವುದು, ಒಬ್ಬ ನರ್ಸ್ ಒಬ್ಬ ರೋಗಿಗೆ ಹತ್ತಿರ ಆಗದ ಹಾಗೆ ವಾರ್ಡ್‌ನಿಂದ ವಾರ್ಡಿಗೆ ಓಡಾಡಿಸುವುದು, ಎಲ್ಲವನ್ನೂ ಮೂರು ಮೂರು ಸಲ ಚೆಕ್ ಮಾಡಿಸುವುದು, ಇದೆಲ್ಲ ಸಾವು ನೋವಿನ ಎದುರು ಹುಟ್ಟುವ ಭಯದಿಂದ ತಪ್ಪಿಸಿಕೊಳ್ಳಲು ಇಡೀ ಸಂಸ್ಥೆಯೇ ಕಟ್ಟಿಕೊಂಡ ಗೋಡೆ ಅಂತ ಆಕೆ ತೋರಿಸಿದರು. ಆ ಗೋಡೆ ಭಯವನ್ನೂ ಕಡಿಮೆ ಮಾಡಲಿಲ್ಲ. ತರಬೇತಿಗೆ ಸೇರಿದ ವಿದ್ಯಾರ್ಥಿ ನರ್ಸ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೋರ್ಸ್ ಮುಗಿಸುತ್ತಿರಲಿಲ್ಲ.

ಹಾಗಾಗಿ "ಬೆಡ್ ಆರು" ಅನ್ನುವ ಮಾತು ಕೇಳಿದರೆ ಅಲ್ಲೇ ಬೈಯಬೇಡಿ. ಆ ಹಾಸಿಗೆಯ ಹತ್ತಿರ ಹೋಗಲು ಯಾಕೆ ಎಲ್ಲರಿಗೂ ಕಷ್ಟ ಆಗುತ್ತಿದೆ ಅಂತ ವಿಚಾರಿಸಿ. ನಮ್ಮಲ್ಲಿ ಅಲ್ಲಿದ್ದಾಕೆ ಎರಡು ಸಲ ಜೀವ ತೆಗೆದುಕೊಳ್ಳಲು ಪ್ರಯತ್ನಪಟ್ಟಿದ್ದರು. ಮೂರನೆಯದು ತಮ್ಮ ಶಿಫ್ಟಿನಲ್ಲಿ ಆಗಬಾರದು ಅಂತ ಪ್ರತಿಯೊಬ್ಬರೂ ಉಸಿರು ಬಿಗಿಹಿಡಿದಿದ್ದರು. ಅದನ್ನು ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

2. ತಪ್ಪು ಹೇಳಿಕೊಂಡವರಿಗೆ ನಿಮ್ಮ ಮೊದಲ ವಾಕ್ಯ ಏನು ಅಂತ ಈಗಲೇ ತಯಾರು ಮಾಡಿಟ್ಟುಕೊಳ್ಳಿ

ಸಿಟ್ಟಿನಲ್ಲಿ ಒಳ್ಳೆ ವಾಕ್ಯ ಹೊಳೆಯುವುದಿಲ್ಲ, ಅದಕ್ಕೇ ಮೊದಲೇ ಕಲಿತಿರಬೇಕು. ನನ್ನದು ಇದು: "ಅವರು ಈಗ ಹೇಗಿದ್ದಾರೆ? ನೀನು ಹೇಗಿದ್ದೀಯಾ? ಹೇಳಿದ್ದು ಒಳ್ಳೇದಾಯ್ತು." ಮೊದಲು ರೋಗಿ, ಆಮೇಲೆ ಸಿಬ್ಬಂದಿ, ಆಮೇಲೆ ಥ್ಯಾಂಕ್ಸ್. ಯಾಕೆ, ಹೇಗೆ ಅನ್ನುವ ಪ್ರಶ್ನೆಗಳೆಲ್ಲ ಅರ್ಧ ಗಂಟೆ ಕಾಯಬಹುದು.

ಆಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಆಗುವ ಔಷಧಿ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅಂಕಿಅಂಶ ಉಲ್ಟಾ ಬಂತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ಜಾಸ್ತಿ ತಪ್ಪು ಸಿಕ್ಕಿತು. ಕಾರಣ ಹುಡುಕಿದರೆ, ಆ ತಂಡಗಳಲ್ಲಿ ಜನ ಹೆದರದೆ ಹೇಳಿಕೊಳ್ಳುತ್ತಿದ್ದರು. 1999ರ ಲೇಖನದಲ್ಲಿ ಆಕೆ ಇದನ್ನೇ ತಂಡದ 'ಸೈಕಲಾಜಿಕಲ್ ಸೇಫ್ಟಿ' ಅಂದರು. ಬಾಯಿಬಿಟ್ಟರೆ ಮರ್ಯಾದೆ ಹೋಗುವುದಿಲ್ಲ ಅನ್ನುವ ನಂಬಿಕೆ, ಅಷ್ಟೇ. ನನ್ನ ಖಾಲಿ ರಿಜಿಸ್ಟರ್ ನೆನಪಾಗಿ ಕಿವಿ ಬಿಸಿಯಾಯಿತು.

ಆದರೆ ಇಲ್ಲೊಂದು ಗೊಂದಲ ಆಗುತ್ತದೆ. ಬೈಯಬಾರದು ಅಂದರೆ ಎಲ್ಲವನ್ನೂ ಬಿಟ್ಟುಬಿಡಬೇಕಾ? ಇಲ್ಲ. ಮೂರನ್ನು ಬೇರೆ ಮಾಡಿ ನೋಡಿ. ಕೈತಪ್ಪಿ ಆದದ್ದು ಒಂದು, ಅಲ್ಲಿ ವ್ಯವಸ್ಥೆಯನ್ನು ಸರಿಮಾಡಬೇಕು, ಉದಾಹರಣೆಗೆ ಒಂದೇ ಥರದ ಹೆಸರಿರುವ ಇಬ್ಬರನ್ನು ಅಕ್ಕಪಕ್ಕ ಹಾಕಬಾರದು. ಎರಡನೆಯದು ಅಡ್ಡದಾರಿ. ಹದಿನೈದು ನಿಮಿಷಕ್ಕೊಮ್ಮೆ ರೋಗಿಯನ್ನು ನೋಡಿ ಸಹಿ ಹಾಕಬೇಕಾದ ಹಾಳೆಗೆ ಬೆಳಗ್ಗೆ ಒಟ್ಟಿಗೇ ಸಹಿ ಹಾಕುವುದು ಗೊತ್ತಲ್ವಾ? ಅಲ್ಲಿ ಒಬ್ಬರಿಗೆ ಮೆಮೊ ಕೊಡುವ ಮೊದಲು, ಇದ್ದ ಸಿಬ್ಬಂದಿಯಲ್ಲಿ ಆ ಕೆಲಸ ನಿಜವಾಗಿ ಸಾಧ್ಯ ಇತ್ತಾ ಅಂತ ನೀವೇ ಒಂದು ರಾತ್ರಿ ಮಾಡಿ ನೋಡಿ. ಮೂರನೆಯದು ಗೊತ್ತಿದ್ದೂ ನೋವು ಕೊಡುವುದು. ಹೊಡೆಯುವುದು, ಗೇಲಿ ಮಾಡುವುದು, ಹೆದರಿಸುವುದು. ಅಲ್ಲಿ 'ತಪ್ಪು' ಅನ್ನುವ ಪದವೇ ಬೇಡ. ಅವರನ್ನು ಆ ಕ್ಷಣವೇ ಡ್ಯೂಟಿಯಿಂದ ದೂರ ಇಟ್ಟು, ನಿಯಮದ ಪ್ರಕಾರ ದೂರು ಕೊಡಬೇಕು.

2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಅನ್ನುವ ಖಾಸಗಿ ಆಸ್ಪತ್ರೆಯಲ್ಲಿ ಕಲಿಕೆಯ ತೊಂದರೆ ಇರುವವರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದದ್ದು ಬಿಬಿಸಿಯ ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿತು. ಹನ್ನೊಂದು ಜನ ತಪ್ಪೊಪ್ಪಿಕೊಂಡರು, ಆರು ಜನ ಜೈಲಿಗೆ ಹೋದರು. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಅದಕ್ಕೂ ಮೊದಲೇ ಅಲ್ಲಿಯ ಒಬ್ಬ ಹಿರಿಯ ನರ್ಸ್ ಆಡಳಿತಕ್ಕೂ ನಿಯಂತ್ರಣ ಸಂಸ್ಥೆಗೂ ದೂರು ಹೇಳಿದ್ದರು. ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಬಳಿ ದೂರು ತಂದವರಿಗೆ ಏಳು ದಿನದೊಳಗೆ "ನೀನು ಹೇಳಿದ್ದಕ್ಕೆ ಇಷ್ಟು ಮಾಡಿದೆ, ಇಷ್ಟು ಆಗಲಿಲ್ಲ" ಅಂತ ವಾಪಸ್ ಹೋಗಿ ಹೇಳಿ. ಏನೂ ಮಾಡಲು ಆಗದಿದ್ದರೂ ಹೇಳಿ.

3. ತಿಂಗಳಿಗೊಂದು ಗಂಟೆ, ಒಬ್ಬೊಬ್ಬರಿಗೂ

ಇದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಹೆಸರು ಕೇಳಿದರೆ ಮೇಲ್ವಿಚಾರಣೆ, ತಪಾಸಣೆ ಅನ್ನಿಸಿಬಿಡುತ್ತದೆ, ಜನ ಫೈಲ್ ಹಿಡಿದುಕೊಂಡು ಬರುತ್ತಾರೆ. ನಮ್ಮಲ್ಲೊಬ್ಬ ಅಟೆಂಡರ್ ಮೊದಲ ಸಲ ಹಾಜರಿ ಪುಸ್ತಕವನ್ನೇ ಎತ್ತಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಏನು ತಪ್ಪಾಯ್ತು ಮೇಡಂ?" ಅಂದ. ಹನ್ನೆರಡು ವರ್ಷದ ಸರ್ವೀಸ್. ತಪ್ಪಾಗದೆ ಯಾರೂ ಅವನನ್ನು ಒಳಗೆ ಕರೆದಿರಲೇ ಇಲ್ಲ.

ಆ ಒಂದು ಗಂಟೆಯಲ್ಲಿ ಟಾರ್ಗೆಟ್, ರಜೆ, ಬಾಕಿ ಕಾಗದಪತ್ರ ಎಲ್ಲ ಕೊನೆಯ ಹತ್ತು ನಿಮಿಷಕ್ಕೆ ಇರಲಿ. ಮೊದಲು ಕೇಳಬೇಕಾದ್ದು ಇಂಥವು. ಈ ತಿಂಗಳು ಯಾರ ಜೊತೆ ಕೆಲಸ ಮಾಡುವುದು ಕಷ್ಟ ಆಯಿತು? ಮನೆಗೆ ಹೋದ ಮೇಲೂ ಯಾರ ಮುಖ ತಲೆಯಿಂದ ಹೋಗಲಿಲ್ಲ? ಯಾರ ಮೇಲೆ ಸಿಟ್ಟು ಬರುತ್ತಿದೆ? ಕೊನೆಯ ಪ್ರಶ್ನೆಗೆ ಮೊದಲ ಎರಡು ತಿಂಗಳು ಯಾರೂ ನಿಜ ಹೇಳುವುದಿಲ್ಲ. ನೀವೇ ಮೊದಲು ನಿಮ್ಮ ಸಿಟ್ಟಿನ ಕಥೆ ಒಂದನ್ನು ಹೇಳಿ. ರೋಗಿಯ ಮೇಲೆ ಸಿಟ್ಟು ಬರುವುದು ಈ ಕೆಲಸದ ಒಂದು ಭಾಗ, ಮುಚ್ಚಿಟ್ಟ ಸಿಟ್ಟು ಮಾತ್ರ ಬೇರೆ ಯಾವುದೋ ದಾರಿಯಲ್ಲಿ, ಜೋರಾಗಿ ಹಾಕಿದ ಬಾಗಿಲಿನಲ್ಲೋ, ತಡವಾಗಿ ಕೊಟ್ಟ ನೀರಿನಲ್ಲೋ ಹೊರಬರುತ್ತದೆ.

ಈ ಗಂಟೆಯನ್ನು ಕ್ಯಾನ್ಸಲ್ ಮಾಡಬೇಡಿ. ಮಾಡಲೇಬೇಕಾದರೆ ಅದೇ ವಾರದಲ್ಲಿ ಬೇರೆ ಸಮಯ ಕೊಡಿ. ಎರಡು ಸಲ ಕ್ಯಾನ್ಸಲ್ ಆಯಿತು ಅಂದರೆ ಮೂರನೇ ಸಲ ಬಂದವರು "ಏನೂ ಇಲ್ಲ, ಎಲ್ಲಾ ಸರಿ ಇದೆ" ಅನ್ನುತ್ತಾರೆ. ಆ ಉತ್ತರದ ಬೆಲೆ ಎಷ್ಟು ಅಂತ ಮೊದಲೇ ಹೇಳಿದ್ದೇನೆ.

4. ದೊಡ್ಡ ಆಘಾತ ಆದ ದಿನ

ಒಬ್ಬರು ಜೀವ ತೆಗೆದುಕೊಂಡಿದ್ದಾರೆ. ಅಥವಾ ಸಿಬ್ಬಂದಿಯ ಮೇಲೆ ಹಲ್ಲೆ ಆಗಿದೆ. ಈ ಕೆಲಸದಲ್ಲಿ ಇಂಥ ದಿನ ಬಂದೇ ಬರುತ್ತದೆ, ತಂಡ ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ, ನೀವು ಆ ದಿನ ಎಲ್ಲಿದ್ದಿರಿ ಅನ್ನುವುದನ್ನೂ.

ಮೊದಲ ಗಂಟೆಯಲ್ಲಿ ನೀವೇ ಹೋಗಿ. ಫೋನಿನಲ್ಲಿ ನಿರ್ದೇಶನ ಕೊಡುತ್ತಾ ಕೂರಬೇಡಿ. ಉಳಿದ ರೋಗಿಗಳ ಜೊತೆ ಯಾರಿರುತ್ತಾರೆ ಅಂತ ಮೊದಲು ಗೊತ್ತುಮಾಡಿ. ಮೊದಲು ನೋಡಿದವರನ್ನು ಅಲ್ಲಿಂದ ಹೊರಗೆ ಕರೆತಂದು ಕೂರಿಸಿ, ಕುಡಿಯಲು ಏನಾದರೂ ಕೊಡಿಸಿ, ಪಕ್ಕದಲ್ಲಿ ಒಬ್ಬರನ್ನು ಬಿಡಿ. ವರದಿ ಬರೆಯಲೇಬೇಕು, ನಿಜ, ಆದರೆ ಕೈ ನಡುಗುತ್ತಿರುವವರ ಮುಂದೆ ಫಾರಂ ಹಿಡಿದು ನಿಲ್ಲುವುದು ಬೇಡ. ಅವರು ಹೇಳಲಿ, ಇನ್ನೊಬ್ಬರು ಬರೆಯಲಿ.

ಮನೆಗೆ ಒಬ್ಬರೇ ಹೋಗದ ಹಾಗೆ ನೋಡಿಕೊಳ್ಳಿ. "ನಾಳೆ ರಜೆ ತಗೋ" ಅಂತ ನೀವೇ ತೀರ್ಮಾನಿಸಬೇಡಿ, ಕೇಳಿ. ಕೆಲವರಿಗೆ ರಜೆ ಬೇಕು. ಇನ್ನು ಕೆಲವರಿಗೆ ಖಾಲಿ ಮನೆಯಲ್ಲಿ ಕೂರುವುದಕ್ಕಿಂತ ತಂಡದ ಜೊತೆ ಇರುವುದೇ ಮೇಲು, ಅಂಥವರನ್ನು ಬಲವಂತವಾಗಿ ಮನೆಗೆ ಕಳಿಸಿದರೆ "ನನ್ನದೇ ತಪ್ಪು ಅಂತ ಕಳಿಸಿದರು" ಅಂದುಕೊಳ್ಳುತ್ತಾರೆ.

ಒಂದು ವಿಷಯ ಒತ್ತಿ ಹೇಳಬೇಕು. ಮಾರನೇ ದಿನವೇ ಎಲ್ಲರನ್ನೂ ಒಂದು ರೂಮಿಗೆ ಸೇರಿಸಿ, ಏನು ನೋಡಿದಿರಿ, ಏನನ್ನಿಸಿತು ಅಂತ ಪ್ರತಿಯೊಬ್ಬರಿಂದಲೂ ಹೇಳಿಸುವ ಕಡ್ಡಾಯ ಡಿಬ್ರೀಫಿಂಗ್ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಒಂದೇ ಸಲ ಕೂರಿಸಿ ಮಾಡುವ ಇಂಥ ಡಿಬ್ರೀಫಿಂಗ್‌ನಿಂದ ಆಘಾತೋತ್ತರ ಒತ್ತಡದ ಕಾಯಿಲೆ ತಡೆಯಲು ಆಗುವುದಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ವಿಮರ್ಶೆ ಸ್ಪಷ್ಟವಾಗಿ ಹೇಳಿತು, ಕೆಲವರಿಗೆ ತೊಂದರೆ ಹೆಚ್ಚಾದ ಸುಳಿವೂ ಇತ್ತು. ಹಾಗಂತ ಯಾರೂ ಮಾತಾಡಲೇಬಾರದು ಅಂತಲ್ಲ. ಬಾಗಿಲು ತೆರೆದಿರಲಿ, ಎಳೆದು ಒಳಗೆ ತರಬೇಡಿ. ಮಾರನೇ ದಿನ ಒಂದು ಫೋನ್. ಒಂದು ವಾರದ ಮೇಲೆ ಒಂದು. ಮೂರು ನಾಲ್ಕು ವಾರ ಕಳೆದ ಮೇಲೆ, ಬೇರೆಯವರೆಲ್ಲ ಮರೆತಿರುವಾಗ, ಮತ್ತೊಮ್ಮೆ: "ನಿದ್ದೆ ಹೇಗಿದೆ?" ಆಗಲೂ ನಿದ್ದೆ ಇಲ್ಲ, ಆ ದೃಶ್ಯವೇ ಕಣ್ಣಿಗೆ ಕಟ್ಟುತ್ತದೆ, ಆ ರೂಮಿನ ಕಡೆ ಹೋಗಲಾಗುತ್ತಿಲ್ಲ ಅಂದರೆ ಚಿಕಿತ್ಸೆಗೆ ಕಳಿಸಿ.

ತನಿಖೆಯನ್ನು ಇದರ ಜೊತೆ ಬೆರೆಸಬೇಡಿ. ಸಮಾಧಾನ ಹೇಳಿದವರೇ ಸಂಜೆ ಹೇಳಿಕೆ ಬರೆಸಿಕೊಳ್ಳಲು ಕೂತರೆ ಮುಂದೆ ಯಾರೂ ನಿಮ್ಮ ಸಮಾಧಾನವನ್ನು ನಂಬುವುದಿಲ್ಲ.

5. ಬರ್ನ್‌ಔಟ್‌ಗೆ ಧ್ಯಾನದ ಕ್ಲಾಸ್ ಇಡುವ ಮೊದಲು ಡ್ಯೂಟಿ ಲಿಸ್ಟ್ ನೋಡಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದು ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಬಿಡಿಸಿ ಹೇಳಿತು. ಮೂರು ಗುರುತು: ಮೈಮನಸ್ಸು ಬತ್ತಿಹೋದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರವಾಗಿ ಎಲ್ಲದರಲ್ಲೂ ಕೊಂಕು ಕಾಣುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಮ್ಮ ಕ್ಷೇತ್ರದಲ್ಲಿ ಎರಡನೆಯದೇ ಅಪಾಯ. ಸುಸ್ತಾದವರು ರಜೆ ಕೇಳುತ್ತಾರೆ, ಕೊಂಕು ಹಿಡಿದವರು ರಜೆಯನ್ನೂ ಕೇಳುವುದಿಲ್ಲ, ದಿನಾ ಬರುತ್ತಾರೆ, ಅವರ ಮಾತಿನ ಬಿಸಿ ತಗಲುವುದು ರೋಗಿಗಳಿಗೆ.

ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದ ಕ್ರಿಸ್ಟಿನಾ ಮಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ಕಡೆ ನೋಡಿ ಅನ್ನುತ್ತಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಮೆಚ್ಚುಗೆ, ಜೊತೆಗಾರರ ಬಳಗ, ನ್ಯಾಯ, ಮತ್ತು ತಾನು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ಇರುವ ಹೊಂದಾಣಿಕೆ. ಹೊರೆ ಇಳಿಸುವುದು ಹೆಚ್ಚಾಗಿ ನಿಮ್ಮ ಕೈಯಲ್ಲಿ ಇರುವುದಿಲ್ಲ, ಒಪ್ಪಿದೆ. ಆದರೆ ನ್ಯಾಯ ಪೂರ್ತಿ ನಿಮ್ಮ ಕೈಯಲ್ಲಿದೆ. ಕಳೆದ ಆರು ತಿಂಗಳ ಡ್ಯೂಟಿ ಲಿಸ್ಟ್ ತೆಗೆದು, ಹಬ್ಬದ ದಿನ ಯಾರು ಎಷ್ಟು ಸಲ ಮಾಡಿದ್ದಾರೆ, ರಾತ್ರಿ ಡ್ಯೂಟಿ ಯಾರಿಗೆ ಜಾಸ್ತಿ ಬಿದ್ದಿದೆ ಅಂತ ಬೆರಳೆಣಿಸಿ. ಮದುವೆಯಾಗದವರಿಗೆ, ಹೊಸಬರಿಗೆ, ಬಾಯಿಲ್ಲದವರಿಗೆ ಬಿದ್ದಿರುತ್ತದೆ. ನಾನು ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದೆ, ಹೆಸರಿನ ಸಮೇತ. ಎರಡು ದಿನ ಗಲಾಟೆ ಆಯಿತು. ಮುಂದಿನ ತಿಂಗಳ ಲಿಸ್ಟ್‌ಗೆ ಯಾರೂ ತಕರಾರು ತೆಗೆಯಲಿಲ್ಲ.

ಲಿಸ್ಟ್ ನಾಲ್ಕು ವಾರ ಮೊದಲೇ ಹಾಕಿ. ಸಂಜೆ ಡ್ಯೂಟಿ ಮುಗಿಸಿದವರನ್ನು ಮಾರನೇ ಬೆಳಗ್ಗೆಗೆ ಹಾಕಬೇಡಿ. ಐರೋಪ್ಯ ಒಕ್ಕೂಟದ ನಿಯಮ ದಿನಕ್ಕೆ 11 ಗಂಟೆ ಸತತ ವಿಶ್ರಾಂತಿ ಕೊಡಬೇಕು ಅನ್ನುತ್ತದೆ, ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಇದೆಲ್ಲ ಆದ ಮೇಲೆ ಧ್ಯಾನದ ಕ್ಲಾಸ್ ಇಡಿ, ಬೇಡ ಅನ್ನುವುದಿಲ್ಲ. ಡ್ಯೂಟಿ ಸಮಯದಲ್ಲೇ ಇಡಿ ಮತ್ತೆ!

6. ಸಿಬ್ಬಂದಿಯಲ್ಲೊಬ್ಬರು "ನನಗೂ ಖಿನ್ನತೆ ಇದೆ" ಅಂದಾಗ

ತಮಾಷೆ ನೋಡಿ, ದಿನವಿಡೀ ಮಾನಸಿಕ ಕಾಯಿಲೆಗೆ ನಾಚಿಕೆ ಪಡಬೇಡಿ ಅಂತ ಹೇಳುವ ನಾವೇ ನಮ್ಮ ಮಾತ್ರೆಯನ್ನು ಬ್ಯಾಗಿನ ತಳದಲ್ಲಿ ಬಚ್ಚಿಡುತ್ತೇವೆ. ಯಾರಾದರೂ ನಿಮ್ಮ ಬಳಿ ಹೇಳಿಕೊಂಡರೆ ಎರಡೇ ಪ್ರಶ್ನೆ: ಕೆಲಸದಲ್ಲಿ ಏನು ಬದಲಾದರೆ ಅನುಕೂಲ? ಇದು ಯಾರಿಗೆ ಗೊತ್ತಾಗಬಹುದು, ಯಾರಿಗೆ ಬೇಡ? ಉತ್ತರವನ್ನು ಅವರ ಮಾತಿನಲ್ಲೇ ಬರೆದು ಅವರಿಗೂ ಒಂದು ಪ್ರತಿ ಕೊಡಿ. ನೀವು ಕೌನ್ಸೆಲರ್ ಆಗಿದ್ದರೂ ಅವರಿಗೆ ಕೌನ್ಸೆಲಿಂಗ್ ಮಾಡಲು ಹೋಗಬೇಡಿ. ಸಂಬಳ, ಬಡ್ತಿ ನಿರ್ಧರಿಸುವವರ ಮುಂದೆ ಯಾರಿಗೆ ತಾನೇ ಪೂರ್ತಿ ಮನಸ್ಸು ಬಿಚ್ಚಲು ಆಗುತ್ತದೆ?

7. ಕಟ್ಟಿಹಾಕುವ ರಿಜಿಸ್ಟರ್ ನಿಮ್ಮ ಮೇಜಿಗೆ ಬರಲಿ

ಇಟಲಿಯ ಗೊರಿಜಿಯಾ ಊರಿನ ಮಾನಸಿಕ ಆಸ್ಪತ್ರೆಗೆ 1961ರಲ್ಲಿ ನಿರ್ದೇಶಕರಾಗಿ ಬಂದ ಫ್ರಾಂಕೊ ಬಸಾಲಿಯಾ ಅವರ ಮುಂದೆ, ರಾತ್ರಿ ಯಾರ್ಯಾರನ್ನು ಕಟ್ಟಿಹಾಕಲಾಗಿತ್ತು ಅನ್ನುವ ಪುಸ್ತಕವನ್ನು ಸಹಿಗೆ ಇಟ್ಟರಂತೆ. ಅವರು ಸಹಿ ಹಾಕಲು ಒಪ್ಪಲಿಲ್ಲ. ಅಲ್ಲಿಂದ ಶುರುವಾದದ್ದು 1978ರಲ್ಲಿ ಇಟಲಿಯ 180ನೇ ಕಾನೂನಿನವರೆಗೆ ಹೋಯಿತು, ಹಳೆಯ ಮಾನಸಿಕ ಆಸ್ಪತ್ರೆಗಳನ್ನು ಹಂತಹಂತವಾಗಿ ಮುಚ್ಚುವುದೆಂದು ಆಯಿತು.

ನಾವೆಲ್ಲ ಬಸಾಲಿಯಾ ಅಲ್ಲ. ಆದರೆ ಸಹಿ ಹಾಕುವ ಕೈ ನಮ್ಮದೂ ಹೌದಲ್ವಾ? ಕಟ್ಟಿಹಾಕಿದ್ದು, ಒಂದು ಕೋಣೆಯಲ್ಲಿ ಕೂಡಿಹಾಕಿದ್ದು, ಬಲವಂತದ ಇಂಜೆಕ್ಷನ್, ಇವುಗಳ ಪ್ರತಿ ದಾಖಲೆಯನ್ನೂ 24 ಗಂಟೆಯೊಳಗೆ ಓದಿ. ಓದಿ ಕೇಳಿ: ಅದಕ್ಕಿಂತ ಹತ್ತು ನಿಮಿಷ ಮೊದಲು ಏನಾಗಿತ್ತು? ಬಹಳ ಸಲ ಉತ್ತರ ಚಿಕ್ಕದಾಗಿರುತ್ತದೆ. ಮನೆಗೆ ಫೋನ್ ಮಾಡಬೇಕು ಅಂದಿದ್ದರು. ಆಗಲ್ಲ ಅಂದೆವು. ಯಾಕೆ ಆಗಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ಮತ್ತು ಅವರ ತಂಡ ರೂಪಿಸಿದ 'ಸೇಫ್‌ವಾರ್ಡ್ಸ್' ಅನ್ನುವ ಕ್ರಮ ಇದೆ. 31 ವಾರ್ಡ್‌ಗಳಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಗಳ, ಹಲ್ಲೆಯಂಥವು ಸುಮಾರು ಶೇ 15, ಕಟ್ಟಿಹಾಕುವಂಥ ಕ್ರಮಗಳು ಸುಮಾರು ಶೇ 26 ಇಳಿದಿದ್ದವು. ಅದರಲ್ಲಿರುವ ಹತ್ತು ಉಪಾಯಗಳಲ್ಲಿ ಒಂದು ಬಿಟ್ಟಿ, ನಾಳೆಯೇ ಶುರು ಮಾಡಬಹುದು: ಹ್ಯಾಂಡೋವರ್‌ನಲ್ಲಿ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಬೇಕು. ನಮ್ಮಲ್ಲಿ ಮೊದಲ ವಾರ ಎಲ್ಲರೂ "ಚೆನ್ನಾಗಿ ಊಟ ಮಾಡಿದರು" ಅಂತಲೇ ಹೇಳಿ ಮುಗಿಸುತ್ತಿದ್ದರು. ನಾನೂ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಎರಡನೇ ವಾರ ಒಬ್ಬಳು, ಆರನೇ ಹಾಸಿಗೆಯ ಸರದಿ ಬಂದಾಗ, "ಅವರು ನಿನ್ನೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದುಕೊಟ್ಟರು" ಅಂತ ಹೆಸರು ಹಿಡಿದು ಹೇಳಿದಳು. ಜಡೆ ಹಾಗೇ ಇತ್ತು, ಬಿಗಿಯಾಗಿ, ಎಲ್ಲರೂ ತಿರುಗಿ ನೋಡಿದರು.

8. ಮೇಲಿನವರಿಗೆ ಮೊದಲೇ ಹೇಳಿಡಿ

ಇದನ್ನು ನಾನು ಮಾಡಿರಲಿಲ್ಲ, ಪೆಟ್ಟು ತಿಂದೆ. ಮೇಲೆ ಹೇಳಿದ್ದನ್ನೆಲ್ಲ ಮಾಡಿದರೆ ಮೊದಲ ಮೂರು ತಿಂಗಳಲ್ಲಿ ದಾಖಲಾಗುವ ತಪ್ಪುಗಳು ಏರುತ್ತವೆ. ದೂರುಗಳೂ ಏರುತ್ತವೆ. ಕಾಗದದ ಮೇಲೆ ನಿಮ್ಮ ವಾರ್ಡ್ ಹಾಳಾದ ಹಾಗೆ ಕಾಣುತ್ತದೆ. ಅದಕ್ಕೇ ಶುರು ಮಾಡುವ ಮೊದಲೇ ನಿಮ್ಮ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ: ಸಂಖ್ಯೆ ಏರುತ್ತದೆ, ಯಾಕೆ ಏರುತ್ತದೆ, ಅದರ ಬದಲು ಯಾವುದನ್ನು ನೋಡಬೇಕು. ಗಂಭೀರ ಹಾನಿ ಆದ ಪ್ರಕರಣ ಎಷ್ಟು, ಅನಾರೋಗ್ಯದ ರಜೆ ಎಷ್ಟು, ಕೆಲಸ ಬಿಟ್ಟವರೆಷ್ಟು, ಕಟ್ಟಿಹಾಕಿದ್ದು ಎಷ್ಟು ಸಲ, ಇವನ್ನು ತಿಂಗಳಿಗೊಮ್ಮೆ ಒಂದೇ ಹಾಳೆಯಲ್ಲಿ ಕಳಿಸಿ. ಸಿಬ್ಬಂದಿ ಕಡಿಮೆ ಬಿದ್ದ ಪ್ರತಿ ಶಿಫ್ಟನ್ನೂ ದಿನಾಂಕ ಹಾಕಿ ಅದೇ ಹಾಳೆಯ ಕೆಳಗೆ ಬರೆಯಿರಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಆಮೇಲೆ ಆ ಹಾಳೆಯ ಒಂದು ಪ್ರತಿಯನ್ನು ಸ್ಟಾಫ್ ರೂಮಿನಲ್ಲೂ ಹಾಕಿ. ನೀವು ಮೇಲೆ ಏನು ಹೇಳುತ್ತಿದ್ದೀರಿ ಅಂತ ಕೆಳಗಿನವರು ಓದಲಿ. ನಾನು ಮೊದಲ ಸಲ ಹಾಕಿದ ದಿನ, ಹನ್ನೆರಡು ವರ್ಷದ ಆ ಅಟೆಂಡರ್ ಅದರ ಮುಂದೆ ತುಂಬ ಹೊತ್ತು ನಿಂತಿದ್ದ. ಆಮೇಲೆ ಬಂದು, "ಮೇಡಂ, ಹದಿನಾಲ್ಕನೇ ತಾರೀಕು ರಾತ್ರಿ ನಾವು ಮೂವರಲ್ಲ, ಇಬ್ಬರೇ ಇದ್ದದ್ದು, ನೀವು ತಪ್ಪು ಬರೆದಿದ್ದೀರಿ" ಅಂದ. ಪೆನ್ನು ಅವನ ಕೈಗೇ ಕೊಟ್ಟೆ.